ಕತ್ತರಿಯಣ್ಣನ ಹಿಂದಲೆ

ಮುಖ ನೋಡಿ ಮನುಷ್ಯನನ್ನು ಗುರುತಿಸುವುದು ಯಾರಿಗೆ ಬರುವುದಿಲ್ಲ? ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ ಎಂಬುದು ಕತ್ತರಿಯಣ್ಣನ ವಾದವಾಗಿತ್ತು. ಮುಂದೆ ನಡೆದು ಹೋಗುತ್ತಿರುವವನ ಹಿಂದಲೆಯನ್ನು ನೋಡಿ ಅವನು ಯಾರು, ಆ ತಲೆಗೆ ಕತ್ತರಿ ಹಾಕಿದವನು ಕಸುಬು ಬಲ್ಲವನೋ ಹೊಟ್ಟೆಪಾಡಿನವನೋ ಎಂದು ಹೇಳಬೇಕು, ಅದು ವಿದ್ಯೆ. ಆ ವಿದ್ಯೆ ಈ ದೊಡ್ಡ ನಗರದಲ್ಲಿ ತನ್ನೊಬ್ಬನಿಗೇ ಒಲಿದಿದೆ ಎಂದು ಅವನು ನಂಬಿದ್ದ. ನಂಬಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ.

ಅವನ ಕಟಿಂಗ್ ಶಾಪು ಬಸ್ ನಿಲ್ದಾಣದಿಂದ ಸೇತುವೆಗೆ ಹೋಗುವ ಬೀದಿಯಲ್ಲಿ, ದರ್ಜಿಯ ಅಂಗಡಿಗೂ ಚಹಾದ ಅಂಗಡಿಗೂ ನಡುವೆ ಇತ್ತು. ಒಳಗೆ ಎರಡು ಕುರ್ಚಿ, ಎರಡು ಕನ್ನಡಿ. ಒಂದು ಕುರ್ಚಿಯಲ್ಲಿ ಗಿರಾಕಿಗಳು ಕೂರುತ್ತಿದ್ದರು. ಇನ್ನೊಂದರ ಮೇಲೆ ಹಳೆಯ ಪತ್ರಿಕೆಗಳು ಕೂತಿದ್ದವು. ಎಷ್ಟೇ ಜನ ಕಾಯುತ್ತಿರಲಿ, ಪತ್ರಿಕೆ ಎತ್ತಿಟ್ಟು ಅಲ್ಲಿ ಕೂರಲು ಹೋದವರಿಗೆ "ಅದು ಖಾಲಿ ಇಲ್ಲ" ಎಂಬ ಉತ್ತರವೇ ಸಿಗುತ್ತಿತ್ತು. ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಅದು ಕತ್ತರಿಯಣ್ಣನ ತಮ್ಮ ಕೆಲಸ ಮಾಡುತ್ತಿದ್ದ ಕುರ್ಚಿ.

ಅಂಗಡಿ ಅಪ್ಪನದು. "ಕ್ಷೌರಿಕನ ತಲೆಯೇ ಅಂಗಡಿಯ ಬೋರ್ಡು" ಎನ್ನುತ್ತಿದ್ದ ಅಪ್ಪ ಒಂದು ಕಟ್ಟಳೆ ಮಾಡಿಟ್ಟಿದ್ದ. ವಾರದ ರಜೆಯ ದಿನ ಬಾಗಿಲು ಎಳೆದುಕೊಂಡು ಅಣ್ಣ ತಮ್ಮನ ತಲೆ, ತಮ್ಮ ಅಣ್ಣನ ತಲೆ ಕತ್ತರಿಸಬೇಕು. ಹೊರಗಿನವರ ಕೈಗೆ ಕುತ್ತಿಗೆ ಕೊಡಬಾರದು. ಅಪ್ಪ ಹೋದ ಮೇಲೂ ಅದು ನಡೆದುಕೊಂಡೇ ಬಂತು. ಅಣ್ಣನ ಕತ್ತರಿ ಚಕಚಕನೆ ಆಡುವಾಗ ಊರಿನ ಸುದ್ದಿಯನ್ನೆಲ್ಲ ತಮ್ಮ ಹೇಳುತ್ತಿದ್ದ; ತಮ್ಮನ ಕತ್ತರಿ ಆಡುವಾಗಲೂ ತಮ್ಮನೇ ಹೇಳುತ್ತಿದ್ದ. ಮನೆಯಲ್ಲಿ ಹೆಂಡಿರ ಮುಂದೆ ಆಡಲಾಗದ ಮಾತುಗಳೆಲ್ಲ ಆ ಒಂದು ಗಂಟೆಯಲ್ಲಿ ಕೂದಲಿನ ಜೊತೆಗೆ ಉದುರುತ್ತಿದ್ದವು.

ಹೀಗಿರುವಾಗ ತಮ್ಮ ಒಂದು ಮಿಷನ್ ತಂದ. ಕರೆಂಟಿನಿಂದ ಓಡುವ, ಗುಂಯ್ ಎನ್ನುವ ಕಟಿಂಗ್ ಮಿಷನ್.

"ಎಲ್ಲಾ ಕಡೆ ಬಂದಿದೆ ಅಣ್ಣಾ. ಹುಡುಗ್ರು ಇದನ್ನೇ ಕೇಳ್ತಾರೆ."

"ಕೇಳ್ಲಿ. ಅಪ್ಪನ ಅಂಗಡೀಲಿ ಕತ್ತರಿ ಮಾತ್ರ. ಮಿಷನ್ನು ಹುಲ್ಲು ಕೊಯ್ಯೋಕೆ."

ತಮ್ಮ ಮಿಷನ್ನನ್ನು ಡ್ರಾಯರಿಗೆ ಸೇರಿಸಿದ. ಆದರೆ ಮುಂದಿನ ರಜೆಯ ದಿನ ಅಣ್ಣನ ಹಿಂದಲೆಯ ಬಲಭಾಗವನ್ನು ಕತ್ತರಿಯಿಂದ ಮುಗಿಸಿ ಎಡಕ್ಕೆ ಬಂದವನು ಸದ್ದಿಲ್ಲದೆ ಮಿಷನ್ ಎತ್ತಿಕೊಂಡ. ಕಿಡಿಗೇಡಿತನವಲ್ಲ. ಒಮ್ಮೆ ಕುತ್ತಿಗೆಗೆ ಅದರ ಸುಖ ತಿಳಿದರೆ ಅಣ್ಣ ಒಪ್ಪಿಯಾನು ಎಂಬ ಆಸೆ, ಅಷ್ಟೆ. ಗುಂಯ್ ಎಂದದ್ದೇ ತಡ, ಕತ್ತರಿಯಣ್ಣ ಹಾವು ತುಳಿದವನಂತೆ ಎದ್ದು ನಿಂತ.

"ನನ್ನ ಕುತ್ತಿಗೆಗೇ ಮಿಷನ್ ಇಡ್ತೀಯೇನೋ?"

"ಅಣ್ಣಾ, ಕೂತ್ಕೋ. ಅರ್ಧ ಆಗಿದೆ. ಮುಗಿಸಿಬಿಡ್ತೀನಿ."

"ನಿನ್ನ ಕೈಯಿಂದ ಮುಗಿಯೋದೇ ಬೇಡ!"

ಕೊರಳಿಗೆ ಕಟ್ಟಿದ್ದ ಬಿಳಿಯ ಬಟ್ಟೆಯನ್ನೂ ಬಿಚ್ಚದೆ, ಹಾಗೇ ಬೀದಿಗಿಳಿದು ಅವನು ಮನೆಗೆ ನಡೆದ. ಚಹಾದ ಅಂಗಡಿಯವರು ಲೋಟ ಹಿಡಿದುಕೊಂಡು ನೋಡಿದರು. ಮರುದಿನ ತಮ್ಮ ತನ್ನ ಬಾಚಣಿಗೆ, ಮಿಷನ್ ಕಟ್ಟಿಕೊಂಡು ಹೋದ. ಸ್ವಲ್ಪ ದಿನದಲ್ಲೇ ಸೇತುವೆಯ ಆಚೆ ತನ್ನದೇ ಅಂಗಡಿ ತೆರೆದನೆಂದು ಸುದ್ದಿ ಬಂತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ವರ್ಷಗಳು ಉರುಳಿದವು. ಸೇತುವೆ ಅಲ್ಲೇ ಇತ್ತು, ಅಣ್ಣ ತಮ್ಮಂದಿರು ಮಾತ್ರ ದಾಟಲಿಲ್ಲ.

"ಒಂದ್ಸಲ ಹೋಗಿ ಬನ್ನಿ. ನೀವು ದೊಡ್ಡವರು" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ದೊಡ್ಡವನಾಗಿದ್ದಕ್ಕೇ ಹೋಗಲ್ಲ. ಚಿಕ್ಕವನು ಮೊದಲು ಬರ್ಲಿ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

"ಎಣಿಸಿ ನೋಡು ಬೇಕಾದ್ರೆ."

ಬಾಯಿ ಇಷ್ಟು ಜೋರು. ಒಳಗೆ ಹಾಗಿರಲಿಲ್ಲ. ತಮ್ಮನಿಲ್ಲದೆ ರಜೆಯ ದಿನಗಳು ಅವನಿಗೆ ಬೇವಿನಷ್ಟು ಕಹಿಯಾಗಿದ್ದವು. ಆ ಬಿಳಿಯ ಬಟ್ಟೆಯನ್ನು ಹೆಂಡತಿ ಒಗೆದು ಮಡಿಸಿ ಅಂಗಡಿಗೆ ಕಳಿಸಲು ಹೋದಾಗ "ಅದು ಮನೇಲೇ ಇರ್ಲಿ" ಎಂದು ಪೆಟ್ಟಿಗೆಯ ತಳದಲ್ಲಿ ಇಡಿಸಿದ್ದ.

ಇನ್ನು ಅವನ ತಲೆಯ ಗತಿ? ನಗರದ ಉಳಿದ ಕ್ಷೌರಿಕರನ್ನೆಲ್ಲ ಅವನು ಒಂದಲ್ಲ ಒಂದು ದಿನ ಬೈದಿದ್ದ. ಬೈದ ಬಾಯಿಯಿಂದ ಹೋಗಿ ಅವರ ಕುರ್ಚಿಯಲ್ಲಿ ಕೂರುವುದೆಂತು? ಮುಂದಿನದನ್ನು ಕನ್ನಡಿ ನೋಡಿ ಕತ್ತರಿಸಿಕೊಂಡ. ಹಿಂದಿನದನ್ನು ತಡವಿ ತಡವಿ ಕತ್ತರಿಸಿಕೊಂಡ. "ಇಷ್ಟು ವರ್ಷದ ಕೈ, ಅದಕ್ಕೇ ಕಣ್ಣಿದೆ" ಎನ್ನುತ್ತಿದ್ದ. ಕೈಕನ್ನಡಿ ಹಿಡಿದು ಹಿಂದಲೆ ನೋಡಿಕೊಳ್ಳುವುದು ಅನುಮಾನವಿದ್ದವರ ಕೆಲಸವೆಂದು ಅವನ ತೀರ್ಮಾನವಾಗಿತ್ತು.

ಇಂಥವನ ಅಂಗಡಿಗೆ ಒಂದು ಬೆಳಗ್ಗೆ ಕ್ಯಾಮೆರಾದಮ್ಮ ಬಂದರು. ಎದುರಿನ ಲಾಡ್ಜಿನಲ್ಲಿ ಕೆಲವು ವಾರಗಳಿಂದ ಇಳಿದುಕೊಂಡಿದ್ದ ಪ್ರವಾಸಿ. ನರೆತ ಕೂದಲು, ಹೆಗಲಿಗೆ ಕ್ಯಾಮೆರಾ, ಕಾಲಿಗೆ ಗಂಡಸರ ಬೂಟು. ಬೆಳಗಿನಿಂದ ಸಂಜೆಯವರೆಗೆ ಬೀದಿ ಬೀದಿ ಸುತ್ತುತ್ತಿದ್ದರು. ಬೆಂಚಿನ ಮೇಲೆ ಕೂತು, ಕೈಯಲ್ಲಿದ್ದ ಲಕೋಟೆಯಿಂದ ಫೋಟೋಗಳ ಒಂದು ಕಟ್ಟು ತೆಗೆದರು. ಎಲ್ಲವೂ ಜನರ ಹಿಂದಲೆಗಳು! ಬಸ್ಸಿಗೆ ಕಾಯುವವರು, ಮೆಟ್ಟಿಲು ಹತ್ತುವವರು, ಅಂಗಡಿಯ ಮುಂದೆ ಬಗ್ಗಿ ನಿಂತವರು, ಎಲ್ಲರೂ ಹಿಂದಿನಿಂದಲೇ.

"ಮುಖ ಯಾಕೆ ಬಿಟ್ರಿ ಅಮ್ಮಾ?"

"ರೈಲ್ವೆ ಟಿಕೆಟ್ ಕೌಂಟರಲ್ಲಿ ಕೂತು ಕೂತು ನಿವೃತ್ತಿ ಆದವಳು ನಾನು. ಇಡೀ ಜೀವಮಾನ ಕಿಂಡಿಯೊಳಗಿಂದ ಬರೀ ಮುಖ ನೋಡಿದ್ದೀನಿ. ಒಂದೂ ನಗ್ತಿರಲಿಲ್ಲ, ಎಲ್ಲಾ ಚಿಲ್ಲರೆಗೆ ಜಗಳ. ತಿರುಗಿ ಹೋಗುವಾಗ ಹೇಗಿರ್ತಾರೆ ಅಂತ ನೋಡೋ ಆಸೆ ಹಾಗೇ ಉಳಿದುಬಿಟ್ಟಿತ್ತು." ಅವರು ಕನ್ನಡಕ ಸರಿಮಾಡಿಕೊಂಡರು. "ಈಗ ಊರು ಬಿಡೋ ಮುಂಚೆ ಇವರ ಫೋಟೋ ಇವರಿಗೇ ಕೊಡ್ಬೇಕು. ಆದ್ರೆ ಯಾರು ಯಾರೂಂತ ನಂಗೆ ಗೊತ್ತಿಲ್ವಲ್ಲ! ಮುಖಾನೇ ನೋಡಿಲ್ಲ."

ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಕತ್ತರಿಯಣ್ಣ ಗಿರಾಕಿಯ ಕೆನ್ನೆಯ ಮೇಲಿನ ನೊರೆಯನ್ನು ಒಣಗಲು ಬಿಟ್ಟು ಫೋಟೋಗಳನ್ನು ಕೈಗೆತ್ತಿಕೊಂಡ.

"ಇದು ನಿಲ್ದಾಣದ ಹಮಾಲಿ. ಮೂಟೆ ಉಜ್ಜಿ ಉಜ್ಜಿ ಇಲ್ಲಿ ಕೂದಲೇ ಬರಲ್ಲ ನೋಡಿ. ಇವರು ಬ್ಯಾಂಕಿನ ಕ್ಯಾಷಿಯರ್ರು, ಇರೋ ನಾಲ್ಕು ಕೂದಲನ್ನ ಇಡೀ ಮೈದಾನಕ್ಕೆ ಹಂಚಿದ್ದಾರೆ. ಇದು ಟ್ರಾಫಿಕ್ ಪೊಲೀಸು, ಟೋಪಿ ಗೆರೆ ಸ್ನಾನ ಮಾಡಿದ್ರೂ ಹೋಗಲ್ಲ. ಈ ಒಂದೇ ಕೊಡೆಯೊಳಗಿನ ಎರಡು ತಲೆ ನಮ್ಮ ದರ್ಜಿಯ ಅವಳಿ ಮಕ್ಕಳು. ಒಬ್ಬನ ಸುಳಿ ಎಡಕ್ಕೆ, ಇನ್ನೊಬ್ಬನದು ಬಲಕ್ಕೆ. ಅವರಮ್ಮನೂ ಹೀಗೇ ಗುರುತು ಹಿಡಿಯೋದು. ಹೆಂಗಸರದ್ದು ನನ್ನ ಇಲಾಖೆ ಅಲ್ಲ, ನಾಳೆ ನನ್ನ ಹೆಂಡತೀನ ಕರೆಸ್ತೀನಿ, ತುರುಬು ನೋಡಿ ಹೇಳ್ತಾಳೆ."

ಮುಂದಿನ ಫೋಟೋಕ್ಕೆ ಬಂದಾಗ ಅವನ ಮಾತು ನಿಂತಿತು. ಸೇತುವೆಯ ಕಂಬಿಗೆ ಕೈಯೂರಿ ನಿಂತ ಒಬ್ಬ ಗಂಡಸು. ನೆತ್ತಿಯಲ್ಲಿ ಎರಡು ಸುಳಿ, ಆ ಎರಡು ಸುಳಿಗೆ ಎರಡು ಮದುವೆ ಎಂದು ಅತ್ತಿಗೆಯಿಂದ ಎಷ್ಟು ಬಾರಿ ಛೇಡಿಸಿಕೊಂಡ ತಲೆಯದು! ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಾಲರಿನ ಕೆಳಗೂ ಇಳಿದು, ದಿಕ್ಕಿಲ್ಲದವನ ಕೂದಲಿನಂತೆ ಬೆಳೆದಿತ್ತು.

"ಇವರು?" ಎಂದರು ಕ್ಯಾಮೆರಾದಮ್ಮ.

"ಗೊತ್ತಿಲ್ಲ" ಎಂದು ಅವನು ಫೋಟೋವನ್ನು ಕೆಳಗಿಟ್ಟ. ಅಷ್ಟು ಹಿಂದಲೆಗಳಲ್ಲಿ ಅವನು ಸುಳ್ಳು ಹೇಳಿದ್ದು ಅದೊಂದಕ್ಕೇ. ಆ ಸುಳ್ಳನ್ನು ಮುಚ್ಚಲು ಮುಂದಿನದನ್ನು ಸರಕ್ಕನೆ ಎತ್ತಿಕೊಂಡ. ಚಹಾದ ಅಂಗಡಿಯ ಹೊಗೆಯ ನಡುವೆ ಯಾರದೋ ತಲೆ, ಕುತ್ತಿಗೆ, ಬೆರಳಗಲ ಕಾಲರು, ಇಷ್ಟೇ ಇದ್ದ ಚಿತ್ರ. ನೋಡಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ಇದ್ಯಾರಪ್ಪಾ ಈ ಪುಣ್ಯಾತ್ಮ! ದನ ಮೇಯ್ದ ಹಾಗಿದೆ. ಇಲ್ಲೊಂದು ಮೆಟ್ಟಿಲು, ಇಲ್ಲೊಂದು ಹಳ್ಳ. ಇವನ ತಲೆಗೆ ಕೈಹಾಕಿದವನು ಯಾರೂಂತ ಗೊತ್ತಾದ್ರೆ ಅವನ ಕತ್ತರಿ ಕಿತ್ಕೊಂಡು ನದಿಗೆ ಎಸೀತೀನಿ. ಇಂಥ ತಲೆ ನನ್ನ ಅಂಗಡಿದಂತೂ ಅಲ್ಲ!"

ಎಲ್ಲವನ್ನೂ ಅಂಗಡಿಯಲ್ಲೇ ತೂಗುಹಾಕುವುದು, ಅವರವರು ಬಂದು ತಮ್ಮದನ್ನು ತೆಗೆದುಕೊಂಡು ಹೋಗುವುದು ಎಂದು ಮಾತಾಯಿತು. ಬೆಂಚಿನ ಮೇಲಿನ ಗೋಡೆಗೆ ದಾರ ಕಟ್ಟಲು ಅವನು ತಿರುಗಿ ನಿಂತ. ಕ್ಯಾಮೆರಾದಮ್ಮ ಕೈಯಲ್ಲಿದ್ದ ಆ ದನ ಮೇಯ್ದ ತಲೆಯ ಫೋಟೋವನ್ನು ನೋಡಿದರು, ದಾರ ಕಟ್ಟುತ್ತಿದ್ದವನ ಹಿಂದಲೆಯನ್ನು ನೋಡಿದರು, ಮತ್ತೆ ಫೋಟೋವನ್ನು ನೋಡಿದರು. ಅದೇ ಮೆಟ್ಟಿಲು, ಅದೇ ಹಳ್ಳ. ಸೆರಗನ್ನು ಬಾಯಿಗೊತ್ತಿಕೊಂಡು ಮೆಲ್ಲಗೆ ಬೀದಿಗಿಳಿದರು.

ಆಮೇಲೆ ನಡೆದದ್ದು ಆ ಬೀದಿಗೆ ಹಬ್ಬವೇ ಸರಿ. ಜನ ಬಂದರು, ತಮ್ಮ ಬೆನ್ನನ್ನು ತಾವೇ ಕಂಡು ಬೆರಗಾದರು. ಹಮಾಲಿ "ನಾನು ಇಷ್ಟು ನೆಟ್ಟಗೆ ನಡೀತೀನಾ?" ಎಂದು ಎದೆಯುಬ್ಬಿಸಿದ. ಕ್ಯಾಷಿಯರ್ ತನ್ನದನ್ನು ಮಡಿಸಿ ಜೇಬಿಗಿಳಿಸಿ ಅತ್ತಿತ್ತ ನೋಡಿದರು. ದಾರ ಬರಿದಾಗುತ್ತಾ ಬಂತು. ಆದರೆ ಬಂದವರೆಲ್ಲ ಇನ್ನೊಂದು ತಮಾಷೆಯನ್ನೂ ಕಂಡರು. ಬೆಂಚಿನಲ್ಲಿ ಕೂತವರಿಗೆ ತಲೆಯ ಮೇಲೆ ನಕಲು, ಕಣ್ಣೆದುರಿಗೆ ಅಸಲು! ಕತ್ತರಿಯಣ್ಣನೇ ಬಂದವರಿಗೆಲ್ಲ ಆ ಫೋಟೋ ತೋರಿಸಿ "ನೋಡಿ, ಕಂಡವರ ಕೈಗೆ ತಲೆ ಕೊಟ್ರೆ ಹೀಗಾಗುತ್ತೆ" ಎಂದು ಪಾಠ ಹೇಳುತ್ತಿದ್ದ. ಒಬ್ಬರೂ ತುಟಿ ಬಿಚ್ಚಲಿಲ್ಲ. ದರ್ಜಿ ಎರಡು ಬಾರಿ ನಗು ತಡೆಯಲಾಗದೆ ಕೆಮ್ಮುತ್ತಾ ಹೊರಗೋಡಿದ.

ಮರುದಿನ ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ತುರುಬು, ಜಡೆಗಳನ್ನೆಲ್ಲ ನೋಡಿ "ಇದು ಆಸ್ಪತ್ರೆ ನರ್ಸಮ್ಮ, ಇದು ತರಕಾರಿ ಅಂಗಡಿಯವರ ಸೊಸೆ" ಎಂದು ಪಟಪಟನೆ ವಿಂಗಡಿಸಿದಳು. ಕೊನೆಗೆ ದಾರದಲ್ಲಿ ಪಕ್ಕಪಕ್ಕದಲ್ಲಿ ಉಳಿದಿದ್ದ ಎರಡರ ಮುಂದೆ ನಿಂತಳು. ಮೊದಲನೆಯದನ್ನು ನೋಡಿ ಅವಳ ಮುಖ ಬಾಡಿತು.

"ಇದು ನಮ್ಮ ಮೈದುನ."

ಕತ್ತರಿಯಣ್ಣ ಬಾಚಣಿಗೆ ತೊಳೆಯುತ್ತಲೇ ಇದ್ದ.

"ಇದು ನೀವು" ಎಂದಳು ಎರಡನೆಯದಕ್ಕೆ.

"ಯಾವುದು?"

"ಈ ದನ ಮೇಯ್ದಿದ್ದು."

"ತಲೆ ಕೆಟ್ಟಿದ್ಯಾ ನಿಂಗೆ? ಇಡೀ ಊರಿನ ತಲೆ ಗುರುತು ಹಿಡಿಯೋನಿಗೆ ನನ್ನ ತಲೆ ಗೊತ್ತಾಗಲ್ವಾ?"

"ಎಡಗಿವಿ ಹಿಂದೆ ಮಚ್ಚೆ ಇದೆ, ನೋಡಿ. ಮದುವೆಯಾದಾಗಿನಿಂದ ನೋಡ್ತಿದ್ದೀನಿ. ನಿಮಗೆ ಅಲ್ಲೊಂದು ಮಚ್ಚೆ ಇದೆ ಅಂತಾನೇ ಗೊತ್ತಿಲ್ಲ."

ಅವಳು ಗಿರಾಕಿಗಳಿಗೆ ಹಿಡಿಯುವ ಕೈಕನ್ನಡಿಯನ್ನು ಎತ್ತಿ ಅವನ ಹಿಂದೆ ಹಿಡಿದಳು. ಕತ್ತರಿಯಣ್ಣ ದೊಡ್ಡ ಕನ್ನಡಿಯಲ್ಲಿ ಅದನ್ನು ನೋಡಿದ. ಮಚ್ಚೆ ಇತ್ತು. ಮೆಟ್ಟಿಲಿತ್ತು. ಹಳ್ಳವಿತ್ತು. ತನ್ನ ಬೆನ್ನು ತನಗೆ ಕಾಣದು ಎಂದು ಗಿರಾಕಿಗಳಿಗೆ ಎಷ್ಟು ಬಾರಿ ಹೇಳಿ ಈ ಕನ್ನಡಿ ಹಿಡಿದಿದ್ದನೋ! ಇಷ್ಟು ವರ್ಷ ಈ ಬೋರ್ಡನ್ನು ಹೊತ್ತುಕೊಂಡು ಬೀದಿ ತುಂಬ ತಿರುಗಿದ್ದನಲ್ಲ ಎಂದು ನೆನೆದಾಗ ಕಿವಿಯವರೆಗೂ ಬಿಸಿಯೇರಿತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದು ಬಾಗಿಲಲ್ಲಿ ಇಣುಕುತ್ತಿದ್ದ ದರ್ಜಿಯ ಮೇಲೆ ಹರಿಹಾಯ್ದ.

"ಕ್ಷೌರದ ಕತ್ತಿ ನಿಮ್ಮ ಕೈಲಿತ್ತಲ್ಲ ಅಣ್ಣಾ."

ಕತ್ತರಿಯಣ್ಣ ಸ್ವಲ್ಪ ಹೊತ್ತು ಮುಖ ಗಂಟುಹಾಕಿಕೊಂಡಿದ್ದ. ಆಮೇಲೆ ತಡೆಯಲಾಗದೆ ತಾನೇ ನಕ್ಕುಬಿಟ್ಟ. "ಆ ಕ್ಯಾಮೆರಾನೇ ಸರಿ ಇಲ್ಲ" ಎಂದು ಸೇರಿಸುವುದನ್ನು ಮಾತ್ರ ಮರೆಯಲಿಲ್ಲ.

ಸಂಜೆ ಕ್ಯಾಮೆರಾದಮ್ಮ ಉಳಿದದ್ದನ್ನು ಒಯ್ಯಲು ಬಂದರು. ಮರುದಿನ ಅವರು ಊರು ಬಿಡುವವರಿದ್ದರು. ದನ ಮೇಯ್ದದ್ದನ್ನು ಕತ್ತರಿಯಣ್ಣ "ಇದು ನಂದು" ಎಂದು ತಾನಾಗಿಯೇ ಬಿಚ್ಚಿಕೊಂಡ. ಅವರು ಸೇತುವೆಯ ಫೋಟೋಕ್ಕೆ ಕೈಹಾಕಿದರು.

"ಇವರೊಬ್ಬರು ಉಳಿದ್ರು. ಪರವಾಗಿಲ್ಲ, ಹಿಂದೆ 'ಯಾರೋ ಗೊತ್ತಿಲ್ಲದವರು' ಅಂತ ಬರೆದು ನಾನೇ ಇಟ್ಕೋತೀನಿ. ಪಾಪ, ಒಂದು ಸಂಜೆಯಲ್ಲ, ಎಷ್ಟೋ ಸಂಜೆ ನೋಡಿದ್ದೀನಿ ಇವರನ್ನ. ಆ ಕಡೆಯಿಂದ ಸೇತುವೆ ಮಧ್ಯದವರೆಗೂ ಬರ್ತಾರೆ. ನಿಂತು ಈ ಬೀದಿ ಕಡೆ ನೋಡ್ತಾರೆ. ಆಮೇಲೆ ವಾಪಸ್ ಹೋಗ್ತಾರೆ."

ಕತ್ತರಿಯಣ್ಣ ಬಾಗಿಲಾಚೆ ಸೇತುವೆಯತ್ತ ನೋಡಿದ. ತಮ್ಮ ಬಂದಿದ್ದ! ಮೊದಲು ಅವನು ಬರಲಿ ಎಂದು ತಾನು ಇಲ್ಲಿ ಕಾಯುತ್ತಿದ್ದರೆ, ಅವನು ಅರ್ಧ ದಾರಿ ಬಂದು ಬಂದು ಹೋಗಿದ್ದ. ಉಳಿದ ಅರ್ಧವನ್ನು ದಾಟಲು ಅವನಿಗೆ ಹೆದರಿಕೆಯಿತ್ತು. ಆ ಹೆದರಿಕೆ ಹುಟ್ಟಿಸಿದವನು ತಾನೇ. ಕ್ಯಾಮೆರಾದಮ್ಮ ಪೆನ್ನು ತೆಗೆದರು.

"ಬರೀಬೇಡಿ ಅಮ್ಮಾ. ಕೊಡಿ ಇಲ್ಲಿ" ಎಂದ ಅವನು. "ಗೊತ್ತಿಲ್ಲದವನಲ್ಲ ಅವನು. ನನ್ನ ತಮ್ಮ."

ಮರುದಿನ ವಾರದ ರಜೆ. ಕತ್ತರಿಯಣ್ಣ ಎದ್ದವನೇ ಪೆಟ್ಟಿಗೆಯ ತಳದಿಂದ ಬಿಳಿಯ ಬಟ್ಟೆ ತೆಗೆದ. ಹೆಂಡತಿ ನೋಡಿದರೂ ನೋಡದವಳ ಹಾಗೆ ಒಳಗೆ ಹೋದಳು. ಬಟ್ಟೆ ಕಂಕುಳಲ್ಲಿ, ಫೋಟೋ ಜೇಬಿನಲ್ಲಿ ಇಟ್ಟುಕೊಂಡು ಅವನು ಸೇತುವೆಯತ್ತ ನಡೆದ. ನಡುವೆ, ಕಂಬಿಯ ಹತ್ತಿರ, ಒಂದು ಗಳಿಗೆ ನಿಂತ. ಅಲ್ಲಿಂದ ತನ್ನ ಅಂಗಡಿಯ ಬಾಗಿಲು ಚೆನ್ನಾಗಿಯೇ ಕಾಣುತ್ತಿತ್ತು.

ತಮ್ಮನ ಅಂಗಡಿಗೆ ರಜೆ ಇರಲಿಲ್ಲ. ದೊಡ್ಡ ಗಾಜಿನ ಬಾಗಿಲು, ಒಳಗೆ ಗುಂಯ್ ಎಂಬ ಸದ್ದು, ಬೆಂಚಿನಲ್ಲಿ ಕಾಯುತ್ತಿದ್ದ ಜನ. ಬಾಗಿಲು ತೆರೆದದ್ದಕ್ಕೆ ತಿರುಗಿದ ತಮ್ಮನ ಕೈಯಲ್ಲಿ ಮಿಷನ್ ತಾನಾಗಿ ನಿಂತುಹೋಯಿತು. ಕೆಲಸ ಮುಗಿದಿದ್ದ ಗಿರಾಕಿ ಕುರ್ಚಿಯಿಂದ ಎದ್ದ. ಬೆಂಚಿನಲ್ಲಿದ್ದ ಒಬ್ಬ ದಪ್ಪನೆಯ ಮನುಷ್ಯ ಆ ಜಾಗಕ್ಕೆ ಹೊರಟ. ಕತ್ತರಿಯಣ್ಣ ಅವನಿಗೆ ಕೈ ಅಡ್ಡ ಹಿಡಿದ.

"ನೀವು ಆಮೇಲೆ. ನಾನು ನಿಮಗಿಂತ ಮುಂಚೆ ಕೂತವನು."

"ಈಗ ತಾನೇ ಬಂದ್ರಲ್ರೀ?"

"ಅವನನ್ನೇ ಕೇಳಿ."

ಕತ್ತರಿಯಣ್ಣ ಕುರ್ಚಿಯಲ್ಲಿ ಕೂತು, ಬಿಳಿಯ ಬಟ್ಟೆಯನ್ನು ಕೊಡವಿ ತಾನೇ ಕೊರಳಿಗೆ ಸುತ್ತಿಕೊಂಡ. ಕನ್ನಡಿಯಲ್ಲಿ ತಮ್ಮನ ಮುಖ ಕಾಣುತ್ತಿತ್ತು. ಕೆನ್ನೆ ಇಳಿದಿತ್ತು, ಕಣ್ಣು ಮಾತ್ರ ಹಳೆಯವೇ.

"ಏನು ನೋಡ್ತೀಯ? ಅರ್ಧಕ್ಕೆ ಬಿಟ್ಟಿದ್ದೆ. ಮುಗಿಸು."

ತಮ್ಮ ಮಿಷನ್ನನ್ನು ಪಕ್ಕಕ್ಕಿಟ್ಟು ಡ್ರಾಯರಿನಿಂದ ಕತ್ತರಿ ತೆಗೆದ. "ಕತ್ತರೀಲೇ ಮಾಡ್ತೀನಿ ಅಣ್ಣಾ."

"ಅವತ್ತು ಕೈಲಿ ಏನಿತ್ತು?"

ತಮ್ಮ ತಡವರಿಸಿದ. "ಮಿಷನ್ನು."

"ಹಾಗಾದ್ರೆ ಅದರಿಂದಲೇ ಶುರು ಮಾಡು."

ಗುಂಯ್ ಎಂದಿತು. ತಣ್ಣನೆಯ ಹಲ್ಲುಗಳು ಕುತ್ತಿಗೆಗೆ ತಾಗಿದವು. ಈ ಬಾರಿ ಕತ್ತರಿಯಣ್ಣ ಏಳಲಿಲ್ಲ. ನೋವೂ ಆಗಲಿಲ್ಲ, ಹಾಳಾದ್ದು, ಹಿತವಾಗಿಯೇ ಇತ್ತು. ಎಡಗೈಯಿಂದ ತಲೆಯನ್ನು ಮೆಲ್ಲಗೆ ಬಗ್ಗಿಸಿ ಹಿಡಿದ ತಮ್ಮನ ಬೆರಳುಗಳು ನಡುಗುತ್ತಿದ್ದವು.

"ಕೈ ನಡುಗಿಸಬೇಡ. ಬೋರ್ಡು ಹಾಳಾಗುತ್ತೆ."

"ಇದಕ್ಕಿಂತ ಹಾಳು ಮಾಡೋಕೆ ನನ್ನ ಕೈಲಾಗಲ್ಲ ಅಣ್ಣಾ. ಯಾರು ಮಾಡಿದ್ದು ಇದನ್ನ?"

"ಕೆಲಸ ನೋಡು."

ಸ್ವಲ್ಪ ಹೊತ್ತಿನ ಮೇಲೆ ಬಿಳಿಯ ಬಟ್ಟೆಯ ಮೇಲೆ ಎರಡು ಹನಿ ಬಿದ್ದವು. ತಮ್ಮ ಮಿಷನ್ ನಿಲ್ಲಿಸಿ ಬಗ್ಗಿ ನೋಡಿದ.

"ಅಣ್ಣಾ?"

"ಏನಿಲ್ಲ. ಕೂದಲು ಕಣ್ಣಿಗೆ ಬಿತ್ತು."

"ಹಿಂದಲೆ ಕೂದಲು ಕಣ್ಣಿಗೆ ಹೇಗೆ ಬೀಳುತ್ತೆ?"

"ತಲೆಹರಟೆ ಮಾಡಬೇಡ. ಇದು ಮುಗೀಲಿ, ನೀನು ಕೂತ್ಕೋ. ಕಾಲರ್ ಕೆಳಗೆ ಬಿಟ್ಕೊಂಡು ತಿರುಗ್ತಿದ್ದೀಯಲ್ಲ, ಯಾರ ಕೈಗಾದ್ರೂ ಕೊಡೋಕೆ ಏನಾಗಿತ್ತು?"

"ಮನಸ್ಸಾಗ್ಲಿಲ್ಲ" ಎಂದ ತಮ್ಮ.

ಕತ್ತರಿಯಣ್ಣ ಬಟ್ಟೆಯೊಳಗಿಂದ ಕೈ ತೆಗೆದು, ಮುಂದಿದ್ದ ಕತ್ತರಿಯನ್ನು ಎತ್ತಿ ಅದರ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಮೊಂಡಾಗಿತ್ತು. ಅದಕ್ಕೆ ಬೈಯುವುದನ್ನು ತಮ್ಮ ಕುರ್ಚಿಯಲ್ಲಿ ಕೂತ ಮೇಲೆ ಇಟ್ಟುಕೊಂಡರಾಯಿತು ಎಂದು ತಲೆ ತಗ್ಗಿಸಿಕೊಂಡು ಕೂತ.